ನಮ್ಮ ರಜೆಗೆ ಬ್ಯಾಕಪ್ ಯಾರು?

ನಮ್ಮ ಆಫೀಸಿನ ರಜೆ ಅರ್ಜಿಯಲ್ಲಿ ಒಂದು ಕಾಲಂ ಇದೆ. ನೀವು ಇಲ್ಲದ ದಿನಗಳಲ್ಲಿ ನಿಮ್ಮ ಕೆಲಸ ನೋಡುವವರು ಯಾರು? ಅದನ್ನು ನಾವು ಬ್ಯಾಕಪ್ ಅನ್ನುತ್ತೇವೆ. ಅದು ಖಾಲಿ ಇದ್ದರೆ ಅರ್ಜಿ ಮುಂದೆ ಸರಿಯುವುದಿಲ್ಲ. ಮ್ಯಾನೇಜರ್ ಆದ ಇಷ್ಟು ವರ್ಷಗಳಲ್ಲಿ ನಾನೇ ಎಷ್ಟೋ ಹುಡುಗರ ಅರ್ಜಿಗಳನ್ನು ಈ ಒಂದು ಕಾರಣಕ್ಕೆ ವಾಪಸ್ ಕಳಿಸಿದ್ದೇನೆ. ರಜೆ ಅಂದರೆ ಕೆಲಸ ನಿಲ್ಲುವುದಲ್ಲಪ್ಪಾ, ಇನ್ನೊಬ್ಬರ ಟೇಬಲ್ಲಿಗೆ ಹೋಗುವುದು ಅಷ್ಟೇ ಎಂದು ಬುದ್ಧಿಯನ್ನೂ ಹೇಳಿದ್ದೇನೆ. ಇಷ್ಟು ಚೆನ್ನಾಗಿ ಗೊತ್ತಿದ್ದ ವಿಷಯ ಸಮುದ್ರದ ದಂಡೆಯಲ್ಲಿ ಐದು ವರ್ಷ ಕೂತಿದ್ದರೂ ನನಗೆ ಹೊಳೆದಿರಲಿಲ್ಲ.

2014ರಿಂದ ನಾವು ಪ್ರತಿ ಮೇ ತಿಂಗಳ ಎರಡನೇ ವಾರ ಕುಮಟಾ ಮತ್ತು ಹೊನ್ನಾವರದ ನಡುವಿನ ಒಂದು ಊರಿಗೆ ಹೋಗುತ್ತೇವೆ. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂಬುದು ಓದುತ್ತಾ ತಿಳಿಯುತ್ತದೆ. ಪುಣೆಯಿಂದ ನಸುಕಿನಲ್ಲಿ ಹೊರಟು, ಕೊಲ್ಹಾಪುರದಲ್ಲಿ ತಿಂಡಿ, ಹುಬ್ಬಳ್ಳಿಯಲ್ಲಿ ನಾದಿನಿ ಮನೆಯಲ್ಲಿ ವಸ್ತಿ. ಮರುದಿನ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುತ್ತಿದ್ದಂತೆ ಕಾರಿನ ಗಾಜು ಇಳಿಸಿದರೆ ಸಾಕು, ಗಾಳಿ ಒದ್ದೆಯಾಗಿರುತ್ತದೆ. ಗದಗಿನ ಕಡೆಯ ನಮಗೆ ಆ ಬೆವರೂ ಒಂದು ಹಬ್ಬ. ಅಂಕೋಲೆಯಲ್ಲಿ ಕರಿ ಇಶಾಡು ಮಾವಿನಹಣ್ಣಿನ ಬುಟ್ಟಿ ಏರಿಸಿಕೊಂಡು ದಕ್ಷಿಣಕ್ಕೆ ಹೊರಳಿದರೆ, ಒಂದೂವರೆ ತಾಸಿನ ಒಳಗೆ ಆ ಮನೆ.

ಮನೆ ದೊಡ್ಡದಲ್ಲ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಎರಡು ಕೋಣೆ, ಉದ್ದನೆಯ ಜಗಲಿ. ಎದುರಿಗೆ ಗಾಳಿಮರಗಳ ಸಾಲು, ಅದರಾಚೆ ನೀರು. ಅಲ್ಲಿ ನಾವು ಏನೂ ಮಾಡುವುದಿಲ್ಲ. ಗೋಕರ್ಣಕ್ಕೂ ಹೋಗುವುದಿಲ್ಲ, ಮುರುಡೇಶ್ವರಕ್ಕೂ ಹೋಗುವುದಿಲ್ಲ. ಮಕ್ಕಳು ಏಡಿಯ ತೂತುಗಳನ್ನು ಎಣಿಸುತ್ತಾರೆ. ನಾನು ಜಗಲಿಯ ಮೇಲೆ ಮಲಗಿ ಅದೇ ಪುಸ್ತಕದ ಅದೇ ಪುಟವನ್ನು ಮೂರು ಸಲ ಓದುತ್ತೇನೆ. ಮನೆಯೊಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಬೆಳಿಗ್ಗೆ ಅವರು ಎಳನೀರು ಇಟ್ಟು ಹೋಗುತ್ತಾರೆ, ಮಧ್ಯಾಹ್ನ ಮುರುಗಲಿನ ಪಾನಕ. ಬಂದದ್ದೂ ಕಾಣುವುದಿಲ್ಲ, ಹೋದದ್ದೂ ಕಾಣುವುದಿಲ್ಲ. ಲೋಟ ಮಾತ್ರ ತುಂಬಿರುತ್ತದೆ.

ಈ ಆರಾಮದ ಬಗ್ಗೆ ಮೊದಲ ತಕರಾರು ಬಂದದ್ದು ಮನೆಯೊಳಗಿನಿಂದಲೇ. ಮೂರನೆಯ ವರ್ಷ ಇರಬೇಕು, ಇಲ್ಲಿ ಬಂದರೆ ಎಲ್ಲ ಮರೆತುಹೋಗುತ್ತದೆ ನೋಡು ಎಂದೆ. ಹೆಂಡತಿ ರೊಟ್ಟಿ ಬಡಿಯುತ್ತಾ, "ನಿಮಗ ಮರೀತದರೀ. ನಾ ಅಲ್ಲಿ ಗ್ಯಾಸಿನ ಮುಂದ, ಇಲ್ಲಿ ಒಲಿ ಮುಂದ" ಅಂದಳು. ಅಂದಿನಿಂದ ಅಡುಗೆಗೆ ಪಾಳಿ ಹಾಕಿದೆವು. ನನ್ನ ಪಾಳಿಯ ದಿನ ಎಲ್ಲರೂ ಅವಲಕ್ಕಿ ತಿನ್ನುತ್ತಾರೆ, ಆ ಮಾತು ಬೇರೆ. ಆದರೆ ಅವಳು ಮುಂದುವರಿಸಿ ಕೇಳಿದ್ದು ನೆನಪಿದೆ: ಸಣ್ಣವರಿದ್ದಾಗ ಬ್ಯಾಸಗಿ ಸೂಟಿಗೆ ಅಜ್ಜಿ ಮನೆಗೆ ಹೋಗುತ್ತಿದ್ದೆವಲ್ಲ, ಅಲ್ಲಿ ಅಜ್ಜಿಗೆ ಸೂಟಿ ಯಾವಾಗ ಇತ್ತು?

ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೂ ಅಜ್ಜಿ ಮನೆಯ ಲೆಕ್ಕ ಬೇರೆ ಎಂದು ಮನಸ್ಸು ಹೇಳಿತು. ಅಲ್ಲಿ ನಾವು ಬಾವಿಯಿಂದ ನೀರು ಸೇದಿದ್ದೆವು, ಶೇಂಗಾ ಸುಲಿದಿದ್ದೆವು, ಅಜ್ಜಿ ಮುದುಕಿಯಾದಾಗ ನಮ್ಮಪ್ಪ ಅವಳನ್ನು ಕರೆತಂದು ನೋಡಿಕೊಂಡಿದ್ದ. ಅಲ್ಲಿ ಸಾಲ ಇತ್ತು, ನಿಧಾನಕ್ಕೆ ತೀರಿಸುವ ದಾರಿಯೂ ಇತ್ತು. ಬಾಡಿಗೆ ಮನೆಯಲ್ಲಿ ಸಾಲವೇ ಇಲ್ಲ, ಹೊರಡುವ ದಿನವೇ ಎಲ್ಲ ಚುಕ್ತಾ. ಆಧುನಿಕ ರಜೆಯ ಸುಖ ಅರ್ಧ ಅಲ್ಲೇ ಇದೆ ಎಂದುಕೊಂಡಿದ್ದೆ.

ಇನ್ನು 2019ರ ರಾತ್ರಿ. ಮುಂಗಾರಿಗೆ ಮೊದಲಿನ ಮಳೆ, ಗುಡುಗು, ಕರೆಂಟು ಹೋಯಿತು. ಮಗಳು ಹೆದರಿ ಅಳುತ್ತಿದ್ದಳು. ಮೇಣದಬತ್ತಿ ಕೇಳೋಣ ಎಂದು ಮೊಬೈಲಿನ ಬೆಳಕಿನಲ್ಲಿ ಹಿತ್ತಲಿಗೆ ಹೋದೆ. ಅಕ್ಕನ ಮನೆ ಹಿಂದೆಲ್ಲೋ ಇದೆ ಎಂದು ಐದು ವರ್ಷ ನಂಬಿದ್ದೆ. ಹಿಂದೆ ಇದ್ದದ್ದು ತೆಂಗಿನಕಾಯಿ, ಕಟ್ಟಿಗೆ ಪೇರಿಸುವ ಕೊಟ್ಟಿಗೆ. ಅದರಲ್ಲಿ ಅಕ್ಕ, ಅವರ ಗಂಡ, ಅತ್ತೆ, ಇಬ್ಬರು ಮಕ್ಕಳು. ಅತ್ತೆಯ ಮಂಚದ ಮೇಲೆ ನೀರು ಸೋರುತ್ತದೆಂದು ಅದನ್ನು ಮೂಲೆಗೆ ಎಳೆಯುತ್ತಿದ್ದರು. ಒಂಬತ್ತನೆಯ ಇಯತ್ತೆ ಮುಗಿಸಿದ್ದ ಹುಡುಗಿ ತನ್ನ ಪುಸ್ತಕಗಳಿಗೆ ಗೋಣಿಚೀಲ ಮುಚ್ಚಿ ಅದರ ಮೇಲೆ ತಾನೇ ಕೂತಿದ್ದಳು.

ನಾವಿದ್ದದ್ದು ಅವರ ಮನೆ. ಬೇರೆ ಮನೆ ಇರಲೇ ಇಲ್ಲ. ನನ್ನ ಮಕ್ಕಳು ಮಲಗುವ ಕೋಣೆಯ ಗೋಡೆಯಲ್ಲಿ ಪ್ರತಿವರ್ಷ ನೋಡುತ್ತಿದ್ದ ಅಂಟಿನ ನಾಲ್ಕು ಕಲೆಗಳು ಆ ಹುಡುಗಿಯ ವೇಳಾಪಟ್ಟಿಯವು. ನಾವು ಬರುವ ಮುಂಚೆ ಅದನ್ನು ತೆಗೆದಿಡುತ್ತಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇ ತಿಂಗಳು ಅಂದರೆ ಕರಾವಳಿಯ ಮನೆಗಳಿಗೆ ಏನು ಎಂಬುದನ್ನು ಆಗ ಮೊದಲ ಸಲ ಲೆಕ್ಕ ಹಾಕಿದೆ. ಮಳೆಗಾಲ ಬರುವ ಮುಂಚೆ ಮಾಡಿನ ಹಂಚು ಕೈಯಾಡಿಸಬೇಕು, ಕಟ್ಟಿಗೆ ಒಳಗೆ ಹಾಕಬೇಕು, ಮುರುಗಲು ಸಿಪ್ಪೆ ಒಣಗಿಸಬೇಕು, ಉಪ್ಪಿನಕಾಯಿ ಹಾಕಬೇಕು, ಮೀನು ಒಣಗಿಸಿ ಕಟ್ಟಿಡಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಕ್ಕನ ಗಂಡ ಬೇರೆಯವರ ಬೋಟಿನಲ್ಲಿ ಕೂಲಿ, ಆ 61 ದಿನ ಅವರಿಗೆ ಸಂಪಾದನೆ ಇಲ್ಲ. ನನ್ನ ವರ್ಷದ ಅತಿ ಖಾಲಿ ವಾರ ಅವರ ವರ್ಷದ ಅತಿ ತುಂಬಿದ ವಾರ. ಜತೆಗೆ ಇನ್ನೊಂದು ನೆನಪಾಗಿ ಮೈ ಬಿಸಿಯಾಯಿತು. ಮೊದಲ ವರ್ಷ ಅಂಗಳದಲ್ಲಿ ಚಾಪೆಗಟ್ಟಲೆ ಮೀನು ಒಣಗುತ್ತಿತ್ತು. ನಾವು ತಿನ್ನದ ಜನ, "ಸ್ವಲ್ಪ ವಾಸನೆ ಅದ ಅಲ್ರೀ" ಎಂದು ನಗುತ್ತಲೇ ಹೇಳಿದ್ದೆ. ಮರುವರ್ಷದಿಂದ ಅಂಗಳ ಖಾಲಿ. ಅವರು ಆ ಚಾಪೆಗಳನ್ನು ಅರ್ಧ ಕಿಲೋಮೀಟರು ಆಚೆ ಹೊಯಿಗೆಯ ಮೇಲೆ ಹಾಸಿ, ನಾಯಿ ಕಾಗೆ ಕಾಯಲು ಅತ್ತೆಯನ್ನು ಕೂರಿಸುತ್ತಿದ್ದರಂತೆ. ನನ್ನ ಒಂದು ಮಾತು ಒಬ್ಬ ಮುದುಕಿಯನ್ನು ಐದು ವರ್ಷ ಬಿಸಿಲಿನಲ್ಲಿ ಕೂರಿಸಿತ್ತು.

ವಿಶ್ರಾಂತಿ ಒಂದು ಹಕ್ಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಫ್ರಾನ್ಸಿನ ಕಾರ್ಮಿಕರು 1936ರಲ್ಲಿ ಮುಷ್ಕರ ಹೂಡಿ ಎರಡು ವಾರದ ಸಂಬಳಸಹಿತ ರಜೆ ಪಡೆದರು. 1948ರ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ಹೇಳುವುದು ಇದನ್ನೇ. ಅದೇ ವರ್ಷದ ನಮ್ಮ ಫ್ಯಾಕ್ಟರಿ ಕಾಯ್ದೆ, ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಕೊಟ್ಟಿತು. ಆದರೆ ಈ ಎಲ್ಲ ಹಕ್ಕುಗಳೂ ಸಂಬಳ ಕೊಡುವ ಧಣಿ ಇದ್ದವರಿಗೆ. ಅಕ್ಕನ ರಜೆ ಅರ್ಜಿಯನ್ನು ತೆಗೆದುಕೊಳ್ಳುವವರೇ ಇಲ್ಲ.

ನಾವು ದುಡಿಯುವುದೇ ಬಿಡುವಿಗಾಗಿ ಎಂದು ಅರಿಸ್ಟಾಟಲ್ ವಾದಿಸಿದ. ಓದಿದಾಗ ಖುಷಿಯಾಗಿತ್ತು. ಆದರೆ ಅವನೇ ಇನ್ನೊಂದು ಪುಸ್ತಕದಲ್ಲಿ ಗುಲಾಮನನ್ನು ಜೀವವಿರುವ ಉಪಕರಣ ಎಂದು ಕರೆದಿದ್ದಾನೆ, ಮಗ್ಗದ ಲಾಳಿ ತಾನೇ ನೇಯುವಂತಿದ್ದರೆ ಒಡೆಯನಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎಂದೂ ಹೇಳಿದ್ದಾನೆ. ಈಗ ಲಾಳಿ ತಾನೇ ನೇಯುತ್ತಿದೆ, ಅದಕ್ಕೆ ಕೋಡು ಬರೆಯುವವರಲ್ಲಿ ನಾನೂ ಒಬ್ಬ. ಆದರೂ ಎಳನೀರಿನ ಲೋಟವನ್ನು ಯಾರೋ ಒಬ್ಬರು ತರಲೇಬೇಕಾಗಿದೆ. ಬರ್ಟ್ರಂಡ್ ರಸೆಲ್ 1932ರಲ್ಲಿ, ದಿನಕ್ಕೆ ನಾಲ್ಕು ತಾಸು ದುಡಿದರೆ ಸಾಕು, ಎಲ್ಲರಿಗೂ ಬಿಡುವು ಹಂಚಬಹುದು ಎಂದು ಬರೆದ. ಆ ಹಂಚಿಕೆ ನಮ್ಮ ಹಿತ್ತಲಿಗೆ ಇನ್ನೂ ತಲುಪಿಲ್ಲ.

ಪುಣೆಯ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. ನೀನು ಕೊಡುವ ಬಾಡಿಗೆಯೇ ಅವರ ಮಳೆಗಾಲದ ಅಕ್ಕಿ, ಅವರು ಒಪ್ಪಿಯೇ ಕೊಟ್ಟಿದ್ದಾರೆ, ಇದರಲ್ಲಿ ನಿನ್ನ ಆತ್ಮಸಾಕ್ಷಿಗೆ ಏನು ಕೆಲಸ? ಅವನ ವಾದದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ನನ್ನನ್ನು ಕಾಡಿದ್ದು ಅವರು ಮನೆ ಬಿಟ್ಟುಕೊಟ್ಟದ್ದಕ್ಕಿಂತ ಹೆಚ್ಚಾಗಿ, ಅದು ನನಗೆ ಗೊತ್ತಾಗದಂತೆ ನೋಡಿಕೊಳ್ಳುವುದೂ ಬಾಡಿಗೆಯೊಳಗೆ ಸೇರಿದ್ದು. ನನ್ನ ಆರಾಮಕ್ಕೆ ಸಮುದ್ರದಷ್ಟೇ ನನ್ನ ಅಜ್ಞಾನವೂ ಬೇಕಾಗಿತ್ತು.

ಮರುದಿನ ಬೆಳಿಗ್ಗೆಯೇ ನಾನು ಮ್ಯಾನೇಜರನಂತೆ ಪರಿಹಾರ ಹಿಡಿದು ಹೋದೆ. ನೀವು ಒಂದು ಕೋಣೆ ಇಟ್ಟುಕೊಳ್ಳಿ, ನಮಗೊಂದು ಸಾಕು, ಬಾಡಿಗೆ ಅಷ್ಟೇ ಇರಲಿ ಎಂದೆ. ಅಕ್ಕ ಒಪ್ಪಲಿಲ್ಲ. ಒಂದೇ ಸೂರಿನಡಿ ಇದ್ದರೆ ತಮಗೆ ಜೋರಾಗಿ ಮಾತಾಡಲೂ ಆಗುವುದಿಲ್ಲ, ಮೀನು ಬೇಯಿಸಲೂ ಆಗುವುದಿಲ್ಲ, ಕೊಟ್ಟಿಗೆಯಲ್ಲಾದರೆ ತಮ್ಮ ಪಾಡಿಗೆ ತಾವು ಎಂದರು. ಹೆಂಡತಿ ಹೋಗಿ ಕಟ್ಟಿಗೆ ಹೊರಲು ಕೈ ಹಾಕಿದಳು, ನಾನು ಲೋಟ ತೊಳೆದಿಟ್ಟೆ. ಎರಡು ದಿನ ನೋಡಿದ ಅಕ್ಕ ಕೊನೆಗೆ, "ಸರ್, ನೀವು ಆರಾಮಾಗಿ ಇರೂಕೆ ಬಂದವ್ರು. ಮೊದಲಿನ ಹಾಗೇ ಇದ್ರೆ ನಮ್ಗೆ ಸಸಾರ" ಎಂದರು. ನಮ್ಮ ಪಾಪಪ್ರಜ್ಞೆಯನ್ನು ಸಮಾಧಾನ ಮಾಡುವುದು ಅವರಿಗೆ ಇನ್ನೊಂದು ಕೆಲಸವಾಗಿತ್ತು.

ಆಮೇಲೆ ಎರಡು ವರ್ಷ ಕೊರೋನಾ. 2022ರಲ್ಲಿ ಹೋಗಬಹುದಿತ್ತು, ಹೋಗಲಿಲ್ಲ. ಮುಖ ಎತ್ತಿ ಆ ಜಗಲಿಯ ಮೇಲೆ ಮಲಗುವುದು ಹೇಗೆ ಎಂದು ಅದೇ ಕರಾವಳಿಯ ಒಂದು ರೆಸಾರ್ಟಿಗೆ ಹೋದೆವು. ಅಲ್ಲಿ ಯಾರೂ ನಮಗಾಗಿ ಮನೆ ಬಿಟ್ಟಿರಲಿಲ್ಲ. ಮೂರನೆಯ ದಿನ ಸಂಜೆ ಮಗ ಚೆಂಡು ಹುಡುಕಲು ಪಾಗಾರದ ಆಚೆ ಹೋಗಿ ಬಂದು, ಅಲ್ಲಿ ತಗಡಿನ ಶೆಡ್ಡಿನಲ್ಲಿ ವೇಟರ್ ಅಣ್ಣಂದಿರೆಲ್ಲ ಸಾಲಾಗಿ ಮಲಗಿದ್ದಾರೆ ಪಪ್ಪಾ ಎಂದ. ಪಾಗಾರ ಎತ್ತರವಿತ್ತು, ವ್ಯತ್ಯಾಸ ಅಷ್ಟೇ.

2023ರಲ್ಲಿ ವಾಪಸ್ ಹೋದೆವು. ಹುಡುಗಿ ಆಗಲೇ ಮಂಗಳೂರಿನಲ್ಲಿ ನರ್ಸಿಂಗ್ ಸೇರಿದ್ದಳು. ಹಿಂದಿನ ವರ್ಷದ ಪ್ರವೇಶ ಶುಲ್ಕಕ್ಕೆ ಬಳೆ ಅಡ ಇಟ್ಟಿದ್ದೆವು, ಈ ವರ್ಷ ಬಿಡಿಸುತ್ತೇವೆ ಎಂದು ಅಕ್ಕ ಮಾತಿನ ನಡುವೆ ಹೇಳಿದರು. ದೂರಿನ ದನಿ ಅದರಲ್ಲಿ ಇರಲಿಲ್ಲ. ಆದರೆ ನನಗೆ ಕೂಡುವ ಕಳೆಯುವ ಲೆಕ್ಕ ಬರುತ್ತದೆ. ನಾನು ಕೈ ತೊಳೆದುಕೊಂಡ ನೀರು ಅವರ ಮನೆಯ ಕೊಡದ್ದು.

ಈಗ ನಾವು ಸ್ವಲ್ಪ ಬದಲಾಗಿದ್ದೇವೆ. ಮೀನು ಅಂಗಳದಲ್ಲೇ ಒಣಗುತ್ತದೆ. ನನ್ನ ಹೆಂಡತಿಯೇ ಚಾಪೆ ಎಳೆದು ತಂದಳು, ಎರಡು ದಿನದಲ್ಲಿ ವಾಸನೆ ರೂಢಿಯಾಯಿತು. ಬಾಡಿಗೆ ಹೆಚ್ಚಿಸಿದ್ದೇವೆ, ಹಣವನ್ನು ಏಪ್ರಿಲ್‌ನಲ್ಲೇ ಕಳಿಸುತ್ತೇವೆ, ಹಾಗಾಗಿ ಕೊಟ್ಟಿಗೆಯ ಮಾಡೂ ರಿಪೇರಿಯಾಗಿದೆ. ಇಷ್ಟಕ್ಕೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತೆಂದು ನಾನು ನಂಬಿಲ್ಲ. ಸೋರದ ಕೊಟ್ಟಿಗೆ ಕೂಡ ಕೊಟ್ಟಿಗೆಯೇ. ಆದರೂ ಜಗಲಿಯ ಮೇಲೆ ಮಲಗಿದಾಗ ನಿದ್ದೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಕಳೆದ ವಾರ ಆ ಹುಡುಗಿ ಫೋನ್ ಮಾಡಿದ್ದಳು. ಮೊದಲ ಸಲ ಅವಳಾಗಿಯೇ ಮಾಡಿದ್ದು. ಹಾಸ್ಟೆಲಿನಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಸಾಕಾಗಿದೆಯಂತೆ, ವರ್ಷದಲ್ಲಿ ಒಂದೇ ಸಲ ಹತ್ತು ದಿನ ರಜೆ, ಅದೂ ಮೇ ಎರಡನೇ ವಾರ. "ಅಂಕಲ್, ನೀವು ಯಾವ ತಾರೀಕಿಗೆ ಬರ್ತೀರಿ ಅಂತ ಕೇಳೂಕೆ ಮಾಡ್ದೆ. ಅಮ್ಮನ ಹತ್ರ ನಾನು ಕೇಳ್ದೆ ಅಂತ ಹೇಳ್ಬೇಡಿ" ಎಂದಳು.

ಮಗನ ಕ್ಲಾಸು ಮೂರನೇ ವಾರ ಶುರುವಾಗುತ್ತದೆ. ನನ್ನ ರಜೆ ಮಂಜೂರಾಗಿದೆ, ಬ್ಯಾಕಪ್ ಹುಡುಗನ ಹೆಸರೂ ಕಾಲಂನಲ್ಲಿದೆ. ಅಕ್ಕನಿಗೆ ಏಪ್ರಿಲ್‌ನಲ್ಲಿ ಕಳಿಸಬೇಕಾದ ಹಣ ಹೋಗಿಯಾಗಿದೆ, ಅದರಿಂದ ಅವರು ಹಂಚು ಕೊಂಡೂ ಆಗಿದೆ. ಹುಡುಗಿಗೆ ನಾಳೆ ಹೇಳುತ್ತೇನಮ್ಮಾ ಎಂದಿದ್ದೆ. ಇವತ್ತಿಗೆ ಆರು ದಿನವಾಯಿತು.