ಪರರ ಪರವಾಗಿ ನುಡಿಯುವ ಅಧಿಕಾರ

ರಾಜಕೀಯವು ಕೊಳಕಿನ ಕ್ಷೇತ್ರ, ಸಜ್ಜನನಾದವನು ಅದರ ಬಳಿ ಸುಳಿಯಬಾರದು ಎಂಬುದನ್ನು ನಮ್ಮಲ್ಲಿ ವಿವೇಕದ ಮಾತೆಂದೇ ಮನ್ನಿಸುವುದುಂಟು. ಆದರೆ ಊರಿನ ಚರಂಡಿ ಎತ್ತ ಹರಿಯಬೇಕು, ಕೊಳವೆಬಾವಿಯನ್ನು ಯಾವ ಕೇರಿಯಲ್ಲಿ ಕೊರೆಯಬೇಕು, ಮನೆಯಿಲ್ಲದವರ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದನ್ನು ಯಾರಾದರೂ ನಿರ್ಣಯಿಸಿಯೇ ತೀರುತ್ತಾರೆ. ದೂರ ನಿಂತವನು ಆ ನಿರ್ಣಯದ ಫಲದಿಂದಲೂ ದೂರ ನಿಂತಂತಾಗುವುದಿಲ್ಲ. ಆದುದರಿಂದ ಇಳಿಯಬೇಕೆ ಬೇಡವೆ ಎಂಬುದಕ್ಕಿಂತ ಕಠಿನವಾದ ಪ್ರಶ್ನೆ ಮತ್ತೊಂದಿದೆ: ಹೊಸದಾಗಿ ಇಳಿದವನು "ಊರಿನವರ ಪರವಾಗಿ ಕೇಳುತ್ತಿದ್ದೇನೆ" ಎಂದಾಗ, ಆ ಅಧಿಕಾರವನ್ನು ಅವನಿಗೆ ಕೊಟ್ಟವರಾರು?

ಕಾನೂನಿನ ಮಟ್ಟಿಗೆ ಹೇಳುವುದಾದರೆ ಬಾಗಿಲು ತೆರೆದೇ ಇದೆ. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ ಅದೇ ವರ್ಷದ್ದು. ಅದರಂತೆ ಪಂಚಾಯತಿ ವ್ಯಾಪ್ತಿಯ ಪ್ರತಿಯೊಬ್ಬ ಮತದಾರನೂ ಗ್ರಾಮಸಭೆಯ ಸದಸ್ಯ. ಚುನಾವಣೆಗೆ ನಿಲ್ಲಬೇಕೆಂದಿಲ್ಲ, ಪಕ್ಷವನ್ನು ಸೇರಬೇಕೆಂದೂ ಇಲ್ಲ. ಸಭೆಯ ಕೋರಂ ಮತದಾರರ ಹತ್ತರಲ್ಲೊಂದು ಪಾಲು ಅಥವಾ 100 ಮಂದಿ, ಇವೆರಡರಲ್ಲಿ ಕಡಿಮೆಯಾದದ್ದು. ಅಷ್ಟು ಜನವೂ ಕೂಡದೆ ಸಭೆ ಮುಂದಕ್ಕೆ ಹೋಗುವುದು, ಕೂಡದಿದ್ದರೂ ಕೂಡಿದಂತೆ ಪುಸ್ತಕದಲ್ಲಿ ಸಹಿಗಳು ತುಂಬುವುದು ಅಪರೂಪವೇನಲ್ಲ. ನೂರು ಜನರನ್ನು ಒಂದು ದಿನ ಒಂದೆಡೆ ಕೂರಿಸುವುದು ಅಲ್ಪ ಕಾರ್ಯವೆಂದು ತೋರಬಹುದು. ಹೊಸಬನಿಗೆ ಅದಕ್ಕಿಂತ ದೊಡ್ಡ ಗುರಿ ಬೇಕಿಲ್ಲ.

ಉತ್ಸಾಹಿಗಳು ಸಾಮಾನ್ಯವಾಗಿ ಮೊದಲು ಸಂಘವೊಂದನ್ನು ಘೋಷಿಸಿ, ಅಧ್ಯಕ್ಷ ಕಾರ್ಯದರ್ಶಿಗಳನ್ನು ಹೆಸರಿಸಿ, ರಬ್ಬರ್ ಮೊಹರು ಮಾಡಿಸುತ್ತಾರೆ. ಮೊಹರು ಬಂದಷ್ಟು ಬೇಗ ಸದಸ್ಯರು ಬರುವುದಿಲ್ಲ. ಅದಕ್ಕಿಂತ ಮನೆಮನೆಗೆ ನಡೆಯುವುದು ಮೇಲು. ಅದೂ ಹೇಳುವುದಕ್ಕಲ್ಲ, ಕೇಳುವುದಕ್ಕೆ. ತನ್ನ ಬೀದಿಯ ಕಲ್ಲುಹಾಸೇ ಊರಿನ ಮೊದಲ ಕೊರತೆಯೆಂದು ಹೊರಟವನಿಗೆ, ಕೊನೆಯ ಕೇರಿಯ ಹೆಂಗಸು ನೀರಿಗಾಗಿ ನಸುಕಿನಲ್ಲಿ ಎದ್ದು ನಡೆಯುವ ದೂರವು ತಿಳಿದಾಗ, ಅವನ ಬೇಡಿಕೆಯ ಪಟ್ಟಿ ತಾನಾಗಿಯೇ ಬದಲಾಗುತ್ತದೆ. ಕೂಲಿಗೆ ಹೋಗುವವರಿಗೆ ಹಗಲಿನ ಸಭೆಗೆ ಬರುವುದೆಂದರೆ ಒಂದು ದಿನದ ಗಳಿಕೆಯನ್ನು ಬಿಡುವುದು. ಅವರು ಬಾರದಿರುವುದನ್ನು ಉದಾಸೀನವೆಂದು ಬಗೆಯುವವನು ಅವರ ಪರವಾಗಿ ಮಾತನಾಡಲು ಇನ್ನೂ ಅರ್ಹನಾಗಿಲ್ಲ. ಸಭೆ ಯಾವ ಹೊತ್ತಿಗೆ ನಡೆದರೆ ಬರಬಲ್ಲಿರಿ ಎಂದು ಕೇಳಿ, ಆ ಹೊತ್ತನ್ನೇ ಪಂಚಾಯತಿಯ ಮುಂದೆ ಲಿಖಿತವಾಗಿ ಬೇಡುವುದು ಎಷ್ಟೋ ಊರುಗಳಲ್ಲಿ ಮೊದಲ ಹೋರಾಟವಾದೀತು.

ಇಲ್ಲಿಂದ ಮುಂದೆ ನಿಜವಾದ ಪರೀಕ್ಷೆ. ಜನ ಕೂಡತೊಡಗಿದರೆಂದರೆ ಅಧಿಕಾರದಲ್ಲಿರುವವರು ಮುಂದಾಳನ್ನು ಬೇರೆಯಾಗಿ ಕರೆದು ಸೌಮ್ಯವಾಗಿ ಮಾತನಾಡುತ್ತಾರೆ. "ನಿಮ್ಮ ಬೀದಿಯ ಚರಂಡಿಯನ್ನು ಈ ವರ್ಷವೇ ಮಾಡಿಸೋಣ, ವಸತಿ ಪಟ್ಟಿಯ ವಿಷಯ ಎತ್ತಬೇಡಿ." ಇದು ಲಂಚವಲ್ಲ, ಚರಂಡಿ ಬೇಕಾದದ್ದೇ, ನೆರೆಹೊರೆಯವರು ಹರಸುತ್ತಾರೆ. ಸಿಕ್ಕಷ್ಟು ಒಳಿತನ್ನು ಬಿಡಬಾರದೆಂದು ವಾದಿಸುವ ಪ್ರಾಮಾಣಿಕರೂ ಇದ್ದಾರೆ, ಆ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ಇಲ್ಲಿ ಕೊಡುತ್ತಿರುವುದು ಅವನ ಸ್ವತ್ತಲ್ಲ ಎಂಬುದನ್ನು ಗಮನಿಸಬೇಕು. ಅವನು ವಿನಿಮಯಕ್ಕೆ ಇಡುತ್ತಿರುವುದು ಮನೆಯಿಲ್ಲದವರ ನಂಬಿಕೆಯನ್ನು. ಅವರನ್ನು ಕೇಳದೆ ಆ ಒಪ್ಪಂದಕ್ಕೆ ತಲೆಯಾಡಿಸುವ ಹಕ್ಕು ಅವನಿಗಿಲ್ಲ. ಕೇಳಿದ ಮೇಲೆ ಅವರೇ ಸಮ್ಮತಿಸಿದರೆ ಮಾತು ಬೇರೆ. ಆದಕಾರಣ ಅಂತಹ ಭೇಟಿಗಳಿಗೆ ಒಬ್ಬನೇ ಹೋಗಬಾರದು, ಆ ಪಟ್ಟಿಗೆ ಸಂಬಂಧಪಟ್ಟವರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು.

ಎದುರಿಗೆ ನಿಲ್ಲುವವರೂ ಅದೇ ಊರಿನವರು, ನಾಳೆ ಅದೇ ಮದುವೆಯ ಪಂಕ್ತಿಯಲ್ಲಿ ಕೂರುವವರು. ಆದ್ದರಿಂದ ಕಳ್ಳನೆಂದು ಕೂಗುವುದಕ್ಕಿಂತ ಲೆಕ್ಕವನ್ನು ಕೇಳುವುದು ಒಳ್ಳೆಯದು. 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಕಾಮಗಾರಿಯ ಬಿಲ್ಲು, ಫಲಾನುಭವಿಗಳ ಪಟ್ಟಿ, ಸಭೆಯ ನಡವಳಿ ಎಲ್ಲವನ್ನೂ ಹೀಗೆ ಪಡೆಯಬಹುದು. ಕಾಗದವನ್ನು ಕಣ್ಣಾರೆ ನೋಡುವ ಮುನ್ನ ಒಬ್ಬರ ಮೇಲೆ ಆರೋಪ ಹೊರಿಸುವುದು, ಆರೋಪ ನಿಜವೇ ಆಗಿದ್ದರೂ, ಅನ್ಯಾಯ.

ಸಭೆ ಮುಗಿದ ವಾರದೊಳಗೆ ಬಂದವರ ಮನೆಗೂ ಬಾರದವರ ಮನೆಗೂ ಮತ್ತೊಮ್ಮೆ ಹೋಗಿ, ನಡವಳಿಯಲ್ಲಿ ಬರೆದುದನ್ನು ಓದಿ ಹೇಳಬೇಕು. ಬಿಟ್ಟುಹೋದ ಬೇಡಿಕೆಗಳನ್ನೂ ಮರೆಮಾಚದೆ ತಿಳಿಸಬೇಕು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂದು ಕಾನೂನು ವಿಧಿಸಿದೆ. ಅವನ್ನು ಮತ್ತೆ ಎತ್ತಲು ಅಷ್ಟು ಕಾಲಾವಕಾಶವಿದೆ.