ಆಯ್ಕೆಯಾಗದ ಮಗುವೂ ಗೃಹಸ್ಥನ ಆಚಾರವೂ

ಪ್ರತಿವರ್ಷವೂ ನಾಡಿನ ಶಾಲೆಗಳಲ್ಲಿ ಆಟದ ಪಂದ್ಯಗಳು ನಡೆಯುತ್ತವೆ. ಹೋಬಳಿಯಲ್ಲಿ ಗೆದ್ದ ತಂಡವು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದುದು ಜಿಲ್ಲೆಗೆ ಹೋಗುತ್ತದೆ. ಅದಕ್ಕೆ ಮುಂಚೆ ಶಾಲೆಯಲ್ಲಿಯೇ ಆಟಗಾರರ ಆಯ್ಕೆಯಾಗುತ್ತದೆ. ಕಬಡ್ಡಿಯ ತಂಡವೆಂದರೆ ರೂಢಿಯಲ್ಲಿ 12 ಮಂದಿ. ಅವರಲ್ಲಿ ಅಂಕಣಕ್ಕಿಳಿಯುವವರು 7 ಮಂದಿ, ಉಳಿದ 5 ಮಂದಿ ಬದಲಿ ಆಟಗಾರರು. ಅಭ್ಯಾಸಕ್ಕೆ 30 ಮಕ್ಕಳು ಬಂದಿದ್ದರೆ 18 ಮಕ್ಕಳ ಹೆಸರು ಪಟ್ಟಿಯಲ್ಲಿ ಇರಲಾರದು. ಇದರಲ್ಲಿ ಯಾರ ದೋಷವೂ ಇರಬೇಕಾಗಿಲ್ಲ, ಲೆಕ್ಕವೇ ಹಾಗಿದೆ. ಆದರೆ ಬೆಳಗಿನ ಚಳಿಯಲ್ಲಿ ದಿನವೂ ಮೈದಾನ ಸುತ್ತಿ, ಮೊಣಕಾಲು ತರಚಿಸಿಕೊಂಡು, ಕೊನೆಗೆ ತನ್ನ ಹೆಸರನ್ನು ಕೇಳದೆ ಮನೆಗೆ ಬಂದ ಮಗುವಿಗೆ ಈ ಲೆಕ್ಕವು ಸಮಾಧಾನ ಕೊಡುವುದಿಲ್ಲ. ಆ ಸಂಜೆ ಮನೆಯ ಹಿರಿಯರು ಏನು ಹೇಳತಕ್ಕದ್ದು, ಏನು ಮಾಡತಕ್ಕದ್ದು ಎಂಬುದು ಸಣ್ಣ ಪ್ರಶ್ನೆಯಂತೆ ತೋರಿದರೂ ಧರ್ಮದ ಪ್ರಶ್ನೆಯೇ ಆಗಿದೆ. ಮನುಷ್ಯನ ಬೆಲೆಯು ಯಾವುದರಿಂದ ನಿರ್ಧಾರವಾಗುತ್ತದೆಂಬ ಪಾಠವನ್ನು ಮಗುವು ಇಂಥ ಸಂಜೆಗಳಲ್ಲಿಯೇ ಕಲಿಯುತ್ತದೆ.

ಸಾಮಾನ್ಯವಾಗಿ ಮನೆಗಳಲ್ಲಿ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. “ಆಟವೇನು ದೊಡ್ಡದು, ಓದಿನ ಕಡೆ ನೋಡು” ಎಂಬುದು ಮೊದಲನೆಯದು. “ಆ ಮಾಸ್ತರರಿಗೆ ಕಣ್ಣಿಲ್ಲ” ಎಂಬುದು ಎರಡನೆಯದು. “ಮುಂದೊಂದು ದಿನ ನೀನೇ ಎಲ್ಲರನ್ನೂ ಮೀರಿಸುವೆ” ಎಂಬುದು ಮೂರನೆಯದು. ಮೊದಲನೆಯ ಮಾತು ಮಗುವು ಪ್ರೀತಿಸಿದ ವಸ್ತುವನ್ನೇ ಹೀಗಳೆಯುತ್ತದೆ. ಎರಡನೆಯದು ದುಃಖವಿದ್ದ ಎಡೆಯಲ್ಲಿ ದ್ವೇಷವನ್ನು ಬಿತ್ತುತ್ತದೆ. ಮೂರನೆಯದು ಕೇಳಲು ಹಿತವಾಗಿದೆ. ಅದಕ್ಕೆ ದೃಷ್ಟಾಂತಗಳೂ ದೊರೆಯುತ್ತವೆ. ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ 1928ರಲ್ಲಿ ತನ್ನ ಮೊದಲನೆಯ ಟೆಸ್ಟ್ ಪಂದ್ಯದ ಬಳಿಕ ತಂಡದಿಂದ ಕೈಬಿಡಲ್ಪಟ್ಟು, ಸಿಡ್ನಿಯ ಪಂದ್ಯದಲ್ಲಿ ಹನ್ನೆರಡನೆಯ ಆಟಗಾರನಾಗಿ ಹೊರಗೆ ಕುಳಿತನು. ಅದರ ಮುಂದಿನ ಮೆಲ್ಬರ್ನ್ ಪಂದ್ಯದಲ್ಲಿ 79 ಮತ್ತು 112 ಓಟಗಳನ್ನು ಗಳಿಸಿದನು. ಇದು ಸತ್ಯವಾದ ಸಂಗತಿ. ಆದರೆ ಹೊರಗುಳಿದವರೆಲ್ಲರೂ ಬ್ರಾಡ್ಮನ್ನರಾಗುವುದಿಲ್ಲ. ಆಗದೆ ಉಳಿದವರ ಬಾಳಿಗೆ ಬೆಲೆಯಿಲ್ಲವೆ? ಮುಂದೆ ಗೆಲ್ಲುವೆ ಎಂಬ ಭರವಸೆಯು, ಗೆಲ್ಲದಿದ್ದರೆ ನೀನು ಏನೂ ಅಲ್ಲ ಎಂಬ ಅಳತೆಗೋಲನ್ನೇ ಮಗುವಿನ ಕೈಗೆ ಕೊಡುತ್ತದೆ. ಯಾವ ಅಳತೆಯಿಂದ ಮಗುವಿಗೆ ನೋವಾಯಿತೋ ಅದೇ ಅಳತೆಯಿಂದ ಅದನ್ನು ಸಂತೈಸಲು ಹೊರಡುವುದು ವಿವೇಕವಲ್ಲ.

ವೀರಶೈವ ಗೃಹಸ್ಥನ ಮನೆಯಲ್ಲಿ ಬೇರೊಂದು ಅಳತೆಯಿದೆ. ಹುಟ್ಟಿದ ಕೂಸಿಗೆ ಲಿಂಗಧಾರಣೆಯಾಗುತ್ತದೆ. ಆಗ ಆ ಕೂಸು ಯಾವ ಪರೀಕ್ಷೆಯನ್ನೂ ಗೆದ್ದಿರುವುದಿಲ್ಲ. ಇದು ವೇಗವಾಗಿ ಓಡಬಲ್ಲುದೇ, ಇದರ ಹಿಡಿತ ಗಟ್ಟಿಯೇ ಎಂದು ಗುರುವು ಕೇಳುವುದಿಲ್ಲ. ಗಂಡುಕೂಸು ಹೆಣ್ಣುಕೂಸು ಎಂಬ ಭೇದವನ್ನೂ ಎಣಿಸುವುದಿಲ್ಲ. ಯೋಗ್ಯತೆಯನ್ನು ಸಾಧಿಸುವುದಕ್ಕೆ ಮುಂಚೆಯೇ ಅದರ ದೇಹವು ದೇಗುಲವೆಂದು ಒಪ್ಪಲ್ಪಟ್ಟಿದೆ. ಪಟ್ಟಿಯಲ್ಲಿ ಹೆಸರಿಲ್ಲದ ದಿನ ಆ ದೇಗುಲವು ಕಿರಿದಾಗುವುದುಂಟೆ? ತಾಯಿತಂದೆಗಳು ಇದನ್ನು ಬಾಯಲ್ಲಿ ಹೇಳಬೇಕಾಗಿಯೂ ಇಲ್ಲ. ಅಳುತ್ತಿರುವ ಮಗುವಿಗೆ ತತ್ತ್ವವನ್ನು ಬೋಧಿಸುವುದು ಹಸಿದವನಿಗೆ ಅಡಿಗೆಯ ವಿಧಾನವನ್ನು ಹೇಳಿದಂತೆ. ಆ ಸಂಜೆ ಎಂದಿನಂತೆ ಕೈಕಾಲು ತೊಳೆಯಲು ನೀರು ಕೊಡಬೇಕು, ಎಂದಿನಂತೆ ಬಳಿಯಲ್ಲಿ ಕೂರಿಸಿಕೊಂಡು ಉಣಬಡಿಸಬೇಕು, ಅದು ಹೇಳುವುದನ್ನು ಪೂರ್ತಿಯಾಗಿ ಕೇಳಬೇಕು. ಮನೆಯಲ್ಲಿ ತನ್ನ ಸ್ಥಾನವು ಅಣುವಿನಷ್ಟೂ ಕದಲಿಲ್ಲವೆಂಬುದು ಮಗುವಿಗೆ ಆ ನಡೆಯಿಂದಲೇ ತಿಳಿಯುತ್ತದೆ.

ದುಃಖವು ತಿಳಿಯಾದ ಮೇಲೆ ಸತ್ಯವನ್ನು ಹೇಳುವ ಸಮಯ ಬರುತ್ತದೆ. ಶರಣರು ಕಾಯಕದಲ್ಲಿ ಮೇಲುಕೀಳುಗಳನ್ನು ಎಣಿಸಲಿಲ್ಲ. ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನೂ, ಬಟ್ಟೆ ಮಡಿಮಾಡಿದ ಮಾಚಯ್ಯನೂ, ದೋಣಿ ನಡೆಸಿದ ಚೌಡಯ್ಯನೂ ಕಲ್ಯಾಣದಲ್ಲಿ ಸಮಾನ ಗೌರವಕ್ಕೆ ಪಾತ್ರರಾದರು. ಆದರೆ ಕಾಯಕವೆಲ್ಲ ಸಮಾನವೆಂದ ಮಾತ್ರಕ್ಕೆ, ಸಡಿಲವಾಗಿ ಹೊಸೆದ ಹಗ್ಗವನ್ನು ಗಟ್ಟಿಯೆಂದು ಅವರು ಹೇಳಲಿಲ್ಲ. ಮಗುವಿನ ಉಸಿರು ಸಾಲದಿದ್ದರೆ, ದಾಳಿಗಾರನ ಕಾಲನ್ನು ಹಿಡಿಯುವ ಕೈ ಜಾರುತ್ತಿದ್ದರೆ ಅದನ್ನು ಮಾಸ್ತರರಿಂದಲೇ ಕೇಳಿ ತಿಳಿದುಕೊಂಡು, ಹೀಗಳೆಯದೆ ಹೇಳಬೇಕು. ಮುಂದುವರಿಯಬೇಕೆಂಬ ಇಚ್ಛೆಯು ಮಗುವಿಗಿದ್ದರೆ ಮರುದಿನ ಬೆಳಿಗ್ಗೆ ಅದನ್ನು ಮೈದಾನಕ್ಕೆ ಕಳುಹಿಸಬೇಕು. ಆಡುವುದರಲ್ಲಿ ದೊರೆತ ಸಂತೋಷವೂ ಗಟ್ಟಿಯಾದ ಮೈಯೂ ಅದರ ಸ್ವಂತ ಸಂಪಾದನೆ; ಅವನ್ನು ಯಾವ ಪಟ್ಟಿಯೂ ಕಸಿದುಕೊಳ್ಳಲಾರದು.

ಇಲ್ಲಿ ಗೃಹಸ್ಥನಿಗೆ ಒಂದು ಪ್ರಲೋಭನೆಯು ಎದುರಾಗುತ್ತದೆ. ಆಡಳಿತ ಮಂಡಳಿಯವರ ಪರಿಚಯವೋ, ಊರಿನಲ್ಲಿ ತನಗಿರುವ ಮರ್ಯಾದೆಯೋ ನೆನಪಿಗೆ ಬರುತ್ತದೆ. ಒಂದು ಮಾತು ಹೇಳಿಸಿದರೆ ಮಗುವಿನ ಹೆಸರು ಪಟ್ಟಿಗೆ ಸೇರಬಹುದು. ಆದರೆ 12 ಮಂದಿಯ ಪಟ್ಟಿಗೆ ಒಬ್ಬನು ಸೇರಿದರೆ ಒಬ್ಬನು ಹೊರಬೀಳಲೇಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಧಿಕವಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯನ್ನು ಕೇಳದ ಭಕ್ತರಿಲ್ಲ. ಅವನು ತಂದುದು ಕದ್ದ ಅಕ್ಕಿಯಲ್ಲ. ಕೇವಲ ಅಗತ್ಯಕ್ಕೆ ಮೀರಿದ ಅಕ್ಕಿ. ಅಷ್ಟಕ್ಕೇ ಆ ತಾಯಿಯು ಒಪ್ಪಲಿಲ್ಲ. ಹೀಗಿರುವಾಗ ಇನ್ನೊಬ್ಬರ ಮಗುವಿನ ಎಡೆಯಿಂದ ತೆಗೆದು ತನ್ನ ಮಗುವಿನ ಎಡೆಗೆ ಬಡಿಸುವುದನ್ನು ಯಾವ ಭಕ್ತನು ಪ್ರಸಾದವೆಂದು ಕರೆದಾನು? ಆಯ್ಕೆಯು ನ್ಯಾಯವಾಗಿ ನಡೆದಿದ್ದರೆ ಅದಕ್ಕೆ ತಲೆಬಾಗುವ ವಿನಯವೇ ಭೃತ್ಯಾಚಾರ. ತಂದೆಯು ಹಾಗೆ ತಲೆಬಾಗಿದುದನ್ನು ಕಂಡ ಮಗುವು ಅಂದು ತಂಡದಲ್ಲಿ ಸ್ಥಾನ ಪಡೆಯದಿದ್ದರೂ ಅದಕ್ಕಿಂತ ಹಿರಿದಾದುದನ್ನು ಪಡೆಯುತ್ತದೆ.

ಆದರೆ ಪಂಚಾಚಾರಗಳಲ್ಲಿ ಭೃತ್ಯಾಚಾರದ ಜೊತೆಗೆ ಗಣಾಚಾರವೂ ಇದೆ. ಹೊರಗುಳಿದ ಮಗುವು ಆಟದ ಕೊರತೆಯಿಂದ ಉಳಿಯಿತೇ, ಇಲ್ಲವೆ ಕಾಲಿಗೆ ಬೂಟು ಇಲ್ಲದ್ದರಿಂದ, ಜಾತಿಯಿಂದ, ಹೆಣ್ಣೆಂಬ ಕಾರಣದಿಂದ, ನಡಿಗೆಯಲ್ಲಿ ಊನವಿದೆಯೆಂಬುದರಿಂದ ಉಳಿಯಿತೇ ಎಂಬುದನ್ನು ವಿಚಾರಿಸಬೇಕು. ಅಭ್ಯಾಸದಲ್ಲಿಯೇ ಅದಕ್ಕೆ ಸರದಿ ಕೊಡದೆ, ವರ್ಷವೆಲ್ಲ ನೀರಿನ ಕೊಡ ಹೊರಿಸಿ, ಇದೂ ಒಂದು ಸೇವೆಯಲ್ಲವೆ ಎಂದು ನುಡಿಯುವುದುಂಟು. ಮನಸಾರೆ ಮಾಡಿದರೆ ಅದು ದಾಸೋಹ. ಬೇರೆ ದಾರಿಯಿಲ್ಲದಂತೆ ಮಾಡಿಸಿದರೆ ಅದು ಬಿಟ್ಟಿಯ ದುಡಿತ. ದಾಸೋಹದ ಹೆಸರಿನಲ್ಲಿ ಬಿಟ್ಟಿಯನ್ನು ಮುಚ್ಚಿಡಬಾರದು. ಆಟವು ಮಕ್ಕಳ ಹಕ್ಕೆಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ವಿಶ್ವಸಂಸ್ಥೆಯು ಸಾರಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿದೆ. ಪಂದ್ಯದ ತಂಡದಲ್ಲಿ ಎಲ್ಲರಿಗೂ ಎಡೆಯಿರಲಾರದು. ಶಾಲೆಯ ಮೈದಾನದಲ್ಲಿ ಮಾತ್ರ ಎಲ್ಲರಿಗೂ ಎಡೆಯಿರಲೇಬೇಕು. ಅದು ತಪ್ಪಿದಲ್ಲಿ ಗೃಹಸ್ಥನು ಮಾಸ್ತರರ ಬಳಿಗೆ ಹೋಗಿ ಸೌಮ್ಯವಾಗಿಯೂ ಸ್ಪಷ್ಟವಾಗಿಯೂ ಮಾತನಾಡಬೇಕು.

ಇವೆರಡು ಆಚಾರಗಳನ್ನು ಒಂದರಿಂದೊಂದು ಬೇರ್ಪಡಿಸಿ ತಿಳಿಯುವುದು ಹೇಗೆ? ಅದಕ್ಕೆ ಒಂದು ಸುಲಭವಾದ ಒರೆಗಲ್ಲುಂಟು. ಹೊರಗುಳಿದುದು ನೆರೆಮನೆಯ ಬಡವನ ಮಗುವಾಗಿದ್ದರೆ ತಾನು ಮಾತನಾಡುತ್ತಿದ್ದೆನೆ ಎಂದು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಲಿ. ಹೌದೆಂದು ಮನಸ್ಸು ಒಪ್ಪಿದರೆ ಅದು ಗಣಾಚಾರ. ತನ್ನ ಮಗುವೆಂಬುದರಿಂದ ಮಾತ್ರ ಕೋಪವು ಏಳುವುದಾದರೆ ಅದು ಮಮಕಾರವೇ ಹೊರತು ನ್ಯಾಯದ ಅಭಿಮಾನವಲ್ಲ.

ಆಯ್ಕೆಯಾದ ಮಕ್ಕಳ ತಾಯಿತಂದೆಗಳಿಗೂ ಕರ್ತವ್ಯವಿದೆ. ಕಬಡ್ಡಿಯಲ್ಲಿ ಒಂದು ಸೊಗಸಾದ ನಿಯಮವುಂಟು. ಔಟಾಗಿ ಹೊರಗೆ ಕುಳಿತವನು ತನ್ನ ಶಕ್ತಿಯಿಂದಲೇ ಮರಳಿ ಒಳಗೆ ಬರಲಾರನು. ಅವನ ಸಂಗಡಿಗರು ಎದುರಾಳಿಯೊಬ್ಬನನ್ನು ಔಟು ಮಾಡಿದಾಗ, ಮೊದಲು ಹೊರಹೋದವನು ಮೊದಲು ಒಳಬರುತ್ತಾನೆ. ಅಂಕಣದ ಗೆರೆಯೊಳಗಿನ ಈ ಧರ್ಮವು ಗೆರೆಯ ಹೊರಗೂ ನಡೆಯಬೇಕು. ತಂಡಕ್ಕೆ ಸೇರಿದ ಹುಡುಗನು ಸಂಜೆ ಮನೆಯಂಗಳದ ಆಟಕ್ಕೆ ಸೇರದವನನ್ನು ಕರೆದುಕೊಳ್ಳಲಿ. ಮೊದಲು ಅವನನ್ನೇ ಕರೆಯಲಿ. ಹಾಗೆ ಕರೆಯಲು ತನ್ನ ಮಗುವಿಗೆ ಕಲಿಸಿದ ಮನೆಯು ಅಂದು ಪಂದ್ಯದಲ್ಲಿ ಸೋತಿದ್ದರೂ ಶರಣರ ಮನೆಯೇ ಸರಿ.