ಬದುವಿನ ಮರವೂ ದಾಸೋಹಿಯೇ



ಕಾಯಕದಿಂದ ಬಂದುದನ್ನು ತಾನೊಬ್ಬನೇ ಉಣ್ಣದೆ ಹಂಚಿ ಉಣ್ಣುವುದೇ ದಾಸೋಹವೆಂಬುದು ಶರಣಧರ್ಮದ ಸಾರ. ಈ ತತ್ತ್ವವು ಮನೆಯ ಪಂಕ್ತಿಗೆ ಮಾತ್ರ ಸಲ್ಲುವುದೋ, ಹೊಲದ ಬದುವಿಗೂ ಸಲ್ಲುವುದೋ ಎಂಬುದನ್ನು ಇಂದು ವಿಚಾರಿಸೋಣ.

ವೃಕ್ಷವು ನೆಲದೊಳಗಿನ ನೀರನ್ನು ಬೇರಿನಿಂದ ಹೀರಿ, ಎಲೆಗಳ ಮೂಲಕ ಆವಿಯಾಗಿ ಆಕಾಶಕ್ಕೆ ಒಪ್ಪಿಸುತ್ತದೆ. ಆ ಆವಿಯೇ ಗಾಳಿಯೊಡನೆ ಸಾಗಿ ಬೇರೊಂದು ಸೀಮೆಯಲ್ಲಿ ಮಳೆಯಾಗಿ ಇಳಿಯುತ್ತದೆ. ಗಾಳಿಯೊಳಗಿನ ಇಂಗಾಲವನ್ನೂ ವೃಕ್ಷವು ತನ್ನ ಕಾಂಡದಲ್ಲಿ ಕಾಪಿಡುತ್ತದೆ. ಕಾಡನ್ನು ಕಡಿದು ಸುಟ್ಟರೆ ಆ ಇಂಗಾಲವು ಮರಳಿ ವಾಯುವನ್ನು ಸೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಆವಿಯ ದಾನವೂ ನಿಲ್ಲುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಗಣನೆಯಂತೆ 1990ರಿಂದ 2020ರವರೆಗೆ ಜಗತ್ತಿನಲ್ಲಿ ಸುಮಾರು 42 ಕೋಟಿ ಹೆಕ್ಟೇರ್ ಅರಣ್ಯ ನಾಶವಾಯಿತು. ಬಹುಪಾಲು ಬೇಸಾಯಕ್ಕೆ, ದನಗಳ ಮೇವಿಗೆ. ಗಂಗೆಯ ಬಯಲಿನಲ್ಲಿಯೂ ಈಶಾನ್ಯ ಭಾರತದಲ್ಲಿಯೂ ಕಾಡು ಹೊಲವಾದುದರಿಂದ ಮುಂಗಾರು ಕ್ಷೀಣಿಸಿತೆಂದು ಮುಂಬಯಿಯ ಐ.ಐ.ಟಿ. ವಿದ್ವಾಂಸರು 2016ರಲ್ಲಿ ತೋರಿಸಿದರು.

ಜೈನಾಪುರ, ಬಬಲೇಶ್ವರ, ತಿಕೋಟಗಳ ನಮ್ಮ ನಾಡು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಇಲ್ಲಿಯ ಬರವೆಲ್ಲ ಮರ ಕಡಿದುದರ ಫಲವೆಂದರೆ ಅದು ಸತ್ಯವಾಗದು. ಆದರೆ ನಮ್ಮ ಕಾಲುವೆಗಳಿಗೆ ನೀರೀಯುವ ಕೃಷ್ಣೆಯು ಹುಟ್ಟುವುದು ಮಹಾಬಳೇಶ್ವರದ ಬೆಟ್ಟಗಳಲ್ಲಿ. ಅಲ್ಲಿಯ ಕಾಡು ಉಳಿದರೆ ಮಳೆನೀರು ನೆಲದಲ್ಲಿ ಇಂಗಿ ಹೊಳೆಗೆ ಮೆಲ್ಲನೆ ಇಳಿಯುವುದು. ಬೋಳಾದರೆ ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಲೆ ಹರಿದುಹೋಗುವುದು. ತಿಕೋಟದ ದ್ರಾಕ್ಷಿಯ ಬಳ್ಳಿಯೂ ಕಾಣದ ಕಾಡಿಗೆ ಋಣಿ.

“ನೆರಳು ಬಿದ್ದಲ್ಲಿ ಜೋಳ ತೆನೆಗಟ್ಟುವುದಿಲ್ಲ, ಮಕ್ಕಳ ಹೊಟ್ಟೆ ತುಂಬುವುದೆಂತು?” ಎಂದು ಒಕ್ಕಲಿಗನು ಕೇಳಬಹುದು. ಕೇಳುವುದು ನ್ಯಾಯವೇ. ಬೇಸಾಯವೂ ಕಾಯಕವೇ; ಹಸಿವಿಗಾಗಿ ನೆಲವನ್ನು ಉತ್ತವನನ್ನು ಯಾರೂ ಹಳಿಯಲಾರರು. ಆದರೆ ಎರಡು ಸಾಲು ಹೆಚ್ಚು ಬಿತ್ತುವ ಆಸೆಗೆ ಬದುವಿನ ಬೇವು, ಬನ್ನಿಗಳನ್ನು ಉರುಳಿಸಿದವನು ಲೆಕ್ಕದಲ್ಲಿ ಅರ್ಧವನ್ನು ಮರೆತಿದ್ದಾನೆ. ಬದುವಿನ ಮಣ್ಣನ್ನು ಹಿಡಿದ ಬೇರು, ಬಿರುಗಾಳಿಯನ್ನು ತಡೆದ ಕೊಂಬೆ, ಬೇಸಗೆಯಲ್ಲಿ ಎತ್ತಿಗೂ ಆಳಿಗೂ ದೊರೆತ ತಂಪು, ಇವುಗಳಿಗೆ ಪೇಟೆಯಲ್ಲಿ ಧಾರಣೆಯಿಲ್ಲದ ಮಾತ್ರಕ್ಕೆ ಬೆಲೆಯಿಲ್ಲವೆನ್ನಬಹುದೇ?

ಅವಶ್ಯಕತೆಗೆ ಕೊನೆಯುಂಟು, ಆಶೆಗೆ ಕೊನೆಯಿಲ್ಲ. ಇವೆರಡರ ನಡುವಣ ಗೆರೆಯನ್ನು ಅರಿಯುವುದೇ ಗೃಹಸ್ಥನ ಸಾಧನೆ. ಕಾಡು ಅತ್ಯಲ್ಪವಾದ ಈ ಜಿಲ್ಲೆಯಲ್ಲಿ ಕಳೆದ ದಶಕದಲ್ಲಿ ಕೋಟಿ ವೃಕ್ಷ ಅಭಿಯಾನವು ಮೊದಲಾಯಿತು. ಸಸಿ ನೆಡುವುದು ಒಂದು ದಿನದ ಉತ್ಸಾಹ. ಮೂರು ಬೇಸಗೆ ಕೊಡ ಹೊತ್ತು ನೀರೆರೆದು ಉಳಿಸುವುದೇ ಕಾಯಕ. ಇದ್ದ ಮರಕ್ಕೆ ಕೊಡಲಿ ಎತ್ತುವ ಮುನ್ನ ಪ್ರತಿಯೊಬ್ಬ ಭಕ್ತನೂ ಇದು ಹಸಿವೋ, ಆಶೆಯೋ ಎಂದು ತನ್ನನ್ನು ತಾನು ಕೇಳಿಕೊಳ್ಳಲಿ. ಆಶೆಯೆಂದು ಕಂಡರೆ ಕೊಡಲಿ ಕೆಳಗಿಳಿಯಲಿ.